ಚರಗಳಿಗೆ ನಾಮಕರಣ

ಅಡಿಗೆಮನೆಯಲ್ಲಿ ಉಪ್ಪಿನ ಭರಣಿಗೂ ಸಕ್ಕರೆಯ ಭರಣಿಗೂ ಚೀಟಿ ಅಂಟಿಸದಿದ್ದರೆ ಪಾಯಸ ಕೆಡುವುದುಂಟು. ಗಣಕಯಂತ್ರಕ್ಕೆ ಸಾಲುಸಾಲಾಗಿ ಆಜ್ಞೆಗಳನ್ನು ಬರೆದುಕೊಡುವ ಷೆಲ್ ಸ್ಕ್ರಿಪ್ಟಿನಲ್ಲಿಯೂ ಇದೇ ಮಾತು. ಅಲ್ಲಿ ಬೆಲೆಯೊಂದನ್ನು ತುಂಬಿಡುವ ಭರಣಿಗೆ ಚರವೆಂದು ಹೆಸರು. ಅದರ ಮೇಲಿನ ಚೀಟಿಯನ್ನು ಬರೆಯುವವರು ನಾವೇ.

ಈ ನಾಮಕರಣದ ನಿಯಮಗಳು ಕೆಲವೇ. 1979ರಲ್ಲಿ ಯುನಿಕ್ಸಿನ ಏಳನೆಯ ಆವೃತ್ತಿಯೊಡನೆ ಹೊರಬಂದ ಸ್ಟೀಫನ್ ಬೋರ್ನರ ಷೆಲ್ಲಿನಿಂದ ಇಂದಿನ ಬ್ಯಾಷ್‌ವರೆಗೆ ಅವು ಬಹುಮಟ್ಟಿಗೆ ಬದಲಾಗಿಲ್ಲ. ಹೆಸರಿನಲ್ಲಿ ರೋಮನ್ ಅಕ್ಷರ, ಅಂಕೆ, ಅಡಿಗೆರೆ ಇವು ಮಾತ್ರ ಇರಬಹುದು. ಚರದ ಬೆಲೆ ಕನ್ನಡದಲ್ಲಿರಬಹುದು, ಹೆಸರು ಇರಲಾರದು. ಮೊದಲಿಗೆ ಅಂಕೆ ಬರಕೂಡದು. ಏಕೆಂದರೆ ಡಾಲರ್ ಚಿಹ್ನೆಯ ಮುಂದೆ 1 ಎಂದು ಬರೆದರೆ, ಸ್ಕ್ರಿಪ್ಟಿಗೆ ಹೊರಗಿನಿಂದ ಕೊಟ್ಟ ಮೊದಲನೆಯ ಬೆಲೆಯೆಂದು ಷೆಲ್ ತಿಳಿಯುತ್ತದೆ. ಸಮಚಿಹ್ನೆಯ ಇಕ್ಕೆಲಗಳಲ್ಲಿಯೂ ತೆರಪು ಸಲ್ಲದು. ಹೆಸರಿನ ಬಳಿಕ ತೆರಪು ಬಿಟ್ಟರೆ ಷೆಲ್ ಆ ಹೆಸರನ್ನೇ ಆಜ್ಞೆಯೆಂದು ಭ್ರಮಿಸುತ್ತದೆ. ದೊಡ್ಡಕ್ಷರದ ಹೆಸರು ಬೇರೆ, ಚಿಕ್ಕಕ್ಷರದ ಹೆಸರು ಬೇರೆ.

ಆದರೆ ಇಷ್ಟನ್ನು ಪಾಲಿಸಿದರೆ ಸಾಲದೆಂಬುದು ನಮ್ಮ ಅಭಿಪ್ರಾಯ. ಹೊಸಬರಿಗೆ ಚರದ ಹೆಸರುಗಳನ್ನೆಲ್ಲ ದೊಡ್ಡಕ್ಷರಗಳಲ್ಲಿ ಬರೆಯಲು ಕಲಿಸುವ ರೂಢಿಯೊಂದಿದೆ. ಇದನ್ನು ನಾವು ಒಪ್ಪಲಾರೆವು. ದೊಡ್ಡಕ್ಷರಗಳ 'ಪಾತ್' ಎಂಬ ಚರದಲ್ಲಿ, ಆಜ್ಞೆಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ಪಟ್ಟಿಯನ್ನು ಷೆಲ್ ಇರಿಸಿಕೊಂಡಿರುತ್ತದೆ. ಇದನ್ನರಿಯದ ವಿದ್ಯಾರ್ಥಿ ತನ್ನ ಕಡತಕೋಶದ ವಿಳಾಸವನ್ನು ಅದೇ ಹೆಸರಿನಲ್ಲಿ ತುಂಬಿದನೆನ್ನಿ. ಮರುಸಾಲಿನಲ್ಲಿಯೇ ಕಡತಗಳನ್ನು ಪಟ್ಟಿ ಮಾಡುವ ಸಾಮಾನ್ಯ ಆಜ್ಞೆಯೂ ಸಿಕ್ಕಲಿಲ್ಲವೆಂಬ ಉತ್ತರ ಬರುತ್ತದೆ. ಚಿಕ್ಕಕ್ಷರಗಳುಳ್ಳ ಹೆಸರುಗಳನ್ನು ಪೋಸಿಕ್ಸ್ ಎಂಬ ಮಾನಕವೇ ನಮ್ಮ ಬಳಕೆಗೆಂದು ಬಿಟ್ಟುಕೊಟ್ಟಿರುವಾಗ, ದೊಡ್ಡವರ ಮನೆಯ ಭರಣಿಗೆ ಕೈಹಾಕುವುದೇಕೆ?

ಇದಕ್ಕಿಂತ ಘೋರವಾದುದು ಕಾಗುಣಿತದ ತಪ್ಪು. ತಾನರಿಯದ ಹೆಸರನ್ನು ಕಂಡರೆ ಷೆಲ್ ಆಕ್ಷೇಪಿಸುವುದಿಲ್ಲ. ಬರಿದಾದ ಭರಣಿಯೆಂದು ತಿಳಿದು ಮುಂದೆ ಸಾಗುತ್ತದೆ. ಕೋಶದ ಹೆಸರು, ಅದರ ಮುಂದೊಂದು ಓರೆಗೆರೆ, ಅದರೊಳಗಿನದೆಲ್ಲವನ್ನೂ ಅಳಿಸೆಂಬ ಆಜ್ಞೆ: ಇಲ್ಲಿ ಹೆಸರು ಬರಿದಾದರೆ ಉಳಿಯುವುದು ಓರೆಗೆರೆಯೊಂದೇ. ಅದು ಇಡೀ ವ್ಯವಸ್ಥೆಯ ಬೇರು! 2015ರಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟಿನಲ್ಲಿ ಹೀಗೆಯೇ ಚರವೊಂದು ಬರಿದಾಗಿ, ಬಳಕೆದಾರರ ಸ್ವಂತ ಕಡತಗಳು ಅಳಿಸಿಹೋದುವು.

ಆದುದರಿಂದ ಬೋಧಕರಲ್ಲಿ ನಮ್ಮ ಬಿನ್ನಹವಿಷ್ಟು. ಚಿಕ್ಕಕ್ಷರಗಳ, ಅರ್ಥ ಸ್ಫುಟವಾಗುವ ಹೆಸರುಗಳನ್ನು ಮೊದಲ ದಿನವೇ ರೂಢಿ ಮಾಡಿಸಲಿ. 'ಸೆಟ್' ಆಜ್ಞೆಯ 'ಯು' ಆಯ್ಕೆಯನ್ನು ಸ್ಕ್ರಿಪ್ಟಿನ ಆರಂಭದಲ್ಲಿಯೇ ಬರೆಯಿಸಲಿ. ಆಗ ಷೆಲ್ ಅರಿಯದ ಹೆಸರಿನೆದುರು ನಿಂತುಬಿಡುತ್ತದೆ. ಹೆಸರು ಸರಿಯಾಗಿದ್ದೂ ಬೆಲೆ ಬರಿದಾಗಿದ್ದರೆ ಅದು ಕಾಪಾಡದು. ಅಳಿಸುವ ಮುನ್ನ ಭರಣಿಯ ಮುಚ್ಚಳ ತೆರೆದು ನೋಡುವ ಹೊಣೆ ನಮ್ಮದೇ.