ಪೆಟ್ಟಿಗೆ ಬದಲಾಗುವ ಮುನ್ನ ಪರೀಕ್ಷೆಯಾಗಲಿ

ಲಾರಿ ಕೆಟ್ಟು ನಿಂತಿತೆಂದರೆ ಒಂದು ಕಾಲದಲ್ಲಿ ಮಾಲೀಕರಿಗೂ ಸರಕು ಕಳುಹಿಸಿದ ವರ್ತಕರಿಗೂ ಮೊದಲು ನೆನಪಾಗುತ್ತಿದ್ದುದು ಹತ್ತಿರದ ಡೀಸೆಲ್ ಪಂಪ್ ರಿಪೇರಿ ಅಂಗಡಿ. ಅಲ್ಲಿನ ಅನುಭವಿ ಮೇಸ್ತ್ರಿ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಪಂಪನ್ನು ಬಿಚ್ಚಿ ಸರಿಪಡಿಸಿ, ಗಾಡಿಯನ್ನು ಮತ್ತೆ ರಸ್ತೆಗೆ ಬಿಡುತ್ತಿದ್ದನು. ಆ ಪಂಪಿನ ಕೆಲಸದ ಬಹುಪಾಲು ಇಂದು ಒಂದು ಪುಟ್ಟ ಲೋಹದ ಪೆಟ್ಟಿಗೆಯ ವಶದಲ್ಲಿದೆ. ಇಂಜಿನ್ ಕಂಟ್ರೋಲ್ ಮಾಡ್ಯೂಲ್, ಸಂಕ್ಷೇಪವಾಗಿ ಇಸಿಎಂ, ಎಂದು ಕರೆಯಲಾಗುವ ಈ ಪೆಟ್ಟಿಗೆಯು ಯಾವ ಸಿಲಿಂಡರಿಗೆ, ಯಾವ ಕ್ಷಣದಲ್ಲಿ, ಎಷ್ಟು ಡೀಸೆಲ್ ಸಿಂಪಡಿಸಬೇಕೆಂಬುದನ್ನು ನಿರ್ಧರಿಸುತ್ತದೆ. ಅದು ಕೆಟ್ಟರೆ, ಅಥವಾ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ, ಮಾಲೀಕನು ತೆರಬೇಕಾದ ಮೊತ್ತ ಒಂದು ತಿಂಗಳ ಕಂತಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ‘ಕೆಟ್ಟಿದೆ’ ಎಂಬುದಕ್ಕೂ ‘ಕೆಟ್ಟಿದೆ ಎಂದು ಹೇಳಲಾಗಿದೆ’ ಎಂಬುದಕ್ಕೂ ಇರುವ ಅಂತರವೇ ಇಂದು ಸಣ್ಣ ಸಾರಿಗೆ ಉದ್ಯಮಿಯ ಲಾಭ ನಷ್ಟಗಳನ್ನು ನಿರ್ಣಯಿಸುತ್ತಿದೆ.

ಈ ಪರಿವರ್ತನೆಗೆ ಕಾರಣ ಹೊಗೆ ನಿಯಮಗಳು. ಬಿಎಸ್-4 ಮಾನದಂಡವು 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಗೆ ಬಂದಿತು. ಬಿಎಸ್-5 ಅನ್ನು ಕೈಬಿಟ್ಟು, 2020ರ ಏಪ್ರಿಲ್ 1ರಿಂದ ನೇರವಾಗಿ ಬಿಎಸ್-6 ಜಾರಿಯಾಯಿತು. ಇಂತಹ ಕಟ್ಟುನಿಟ್ಟಿನ ಮಿತಿಗಳನ್ನು ಹಳೆಯ ಮಾದರಿಯ ಯಾಂತ್ರಿಕ ಪಂಪಿನಿಂದ ಪಾಲಿಸಲು ಸಾಧ್ಯವಿಲ್ಲ. ಕಾಮನ್ ರೈಲ್ ಇಂಜೆಕ್ಷನ್, ಯೂರಿಯಾ ದ್ರಾವಣದಿಂದ ಹೊಗೆಯನ್ನು ಶುದ್ಧೀಕರಿಸುವ ವ್ಯವಸ್ಥೆ, ಹತ್ತಾರು ಸೆನ್ಸರುಗಳು, ಇವೆಲ್ಲವನ್ನೂ ಏಕಸೂತ್ರದಲ್ಲಿ ಹಿಡಿಯಲು ಇಲೆಕ್ಟ್ರಾನಿಕ್ ನಿಯಂತ್ರಣ ಅನಿವಾರ್ಯವಾಯಿತು. ಇದರಿಂದ ಗಾಳಿ ಶುದ್ಧವಾಗುತ್ತದೆ. ಅದನ್ನು ಯಾರೂ ಆಕ್ಷೇಪಿಸಲಾಗದು. ಆದರೆ ಯಂತ್ರ ಬದಲಾದ ವೇಗದಲ್ಲಿ ರಿಪೇರಿಯ ಜ್ಞಾನ ಊರೂರಿಗೆ ತಲುಪಲಿಲ್ಲ ಎಂಬುದೂ ಅಷ್ಟೇ ಸತ್ಯ.

ಫಲವಾಗಿ ಒಂದು ದುರಭ್ಯಾಸ ಬೇರೂರಿದೆ. ಇಂಜಿನ್ ಸ್ಟಾರ್ಟ್ ಆಗದಿದ್ದರೆ, ಅಥವಾ ಸ್ಕ್ಯಾನರ್ ಯಂತ್ರವು ಇಸಿಎಂ ಜೊತೆ ಸಂಪರ್ಕ ಸಾಧಿಸದಿದ್ದರೆ, ‘ಪೆಟ್ಟಿಗೆ ಹೋಗಿದೆ’ ಎಂಬ ತೀರ್ಪು ಹೊರಬೀಳುತ್ತದೆ. ವಸ್ತುಸ್ಥಿತಿಯಲ್ಲಿ ಇಸಿಎಂ ಗಟ್ಟಿಮುಟ್ಟಾದ ಸಾಧನ. ಅದಕ್ಕಿಂತ ಮೊದಲು ಕೆಡುವ ಸಂಗತಿಗಳು ಅದರ ಸುತ್ತಲೇ ಅನೇಕವಿವೆ. ಬ್ಯಾಟರಿಯ ಕ್ಷೀಣತೆ, ಸುಟ್ಟ ಫ್ಯೂಸು, ಅಂಟಿಕೊಂಡ ರಿಲೇ, ತುಕ್ಕು ಹಿಡಿದ ಅರ್ಥ್ ತಂತಿ, ನೀರು ನುಗ್ಗಿ ಹಸಿರುಗಟ್ಟಿದ ಕಪ್ಲರ್, ಚಾಸಿಗೆ ಉಜ್ಜಿ ಸಿಪ್ಪೆ ಸುಲಿದ ವೈರು, ಇವುಗಳಲ್ಲಿ ಯಾವುದೊಂದಾದರೂ ಕೆಟ್ಟ ಇಸಿಎಂನ ಲಕ್ಷಣಗಳನ್ನೇ ತೋರಬಲ್ಲದು. ಸೆನ್ಸರುಗಳಿಗೆ ಇಸಿಎಂ ಒದಗಿಸುವ 5 ವೋಲ್ಟ್ ವಿದ್ಯುತ್ತು ಒಂದೇ ಒಂದು ಸೆನ್ಸರಿನಲ್ಲಿ ಷಾರ್ಟ್ ಆದರೂ ಅದೇ ಸಾಲಿನ ಇತರ ಸೆನ್ಸರುಗಳು ಏಕಕಾಲದಲ್ಲಿ ದೋಷ ಸೂಚಿಸುತ್ತವೆ. ಆ ಸೆನ್ಸರನ್ನು ಹುಡುಕಿ ಬದಲಿಸುವ ಬದಲು ಪೆಟ್ಟಿಗೆಯನ್ನೇ ಬದಲಿಸಿದರೆ ಹಣವೂ ಹೋಯಿತು, ದೋಷವೂ ಉಳಿಯಿತು.

ಪರೀಕ್ಷಾ ಕ್ರಮವು ಬ್ರಹ್ಮವಿದ್ಯೆಯೇನಲ್ಲ. 24 ವೋಲ್ಟ್ ವ್ಯವಸ್ಥೆಯ ಲಾರಿಯಲ್ಲಿ ಇಸಿಎಂನ ಕಪ್ಲರಿನವರೆಗೆ ವಿದ್ಯುತ್ತು ಸರಿಯಾಗಿ ಬರುತ್ತಿದೆಯೇ, ಅರ್ಥ್ ಸರಿಯಾಗಿದೆಯೇ ಎಂಬುದನ್ನು ಬಲ್ಬಿನಂತಹ ಲೋಡ್ ಕೊಟ್ಟು ನೋಡಬೇಕು. ಬರಿಯ ಮೀಟರಿನ ಅಂಕಿಯನ್ನು ನಂಬಿದರೆ ಒಂದೇ ಎಳೆ ಉಳಿದ ವೈರೂ ಸರಿಯಾಗಿರುವಂತೆಯೇ ಕಾಣುತ್ತದೆ. ಬ್ಯಾಟರಿ ಸಂಪರ್ಕ ತೆಗೆದು ಕ್ಯಾನ್ ಜಾಲದ ಎರಡು ವೈರುಗಳ ನಡುವೆ ಅಳೆದರೆ ಸುಮಾರು 60 ಓಮ್ ಇರಬೇಕು. 120 ತೋರಿದರೆ ಜಾಲದ ಒಂದು ಕಡೆ ಸಂಪರ್ಕ ಕಡಿದಿದೆ ಎಂದರ್ಥ. ಇವಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರ್, ವೈರಿಂಗ್ ನಕ್ಷೆ ಮತ್ತು ತಾಳ್ಮೆ. ಮೊದಲನೆಯದು ಎಲ್ಲ ಗ್ಯಾರೇಜಿನಲ್ಲೂ ಇದೆ. ಮೂರನೆಯದನ್ನು ಬೆಳೆಸಿಕೊಳ್ಳಬಹುದು. ಕೊರತೆಯಿರುವುದು ಎರಡನೆಯದಕ್ಕೆ.

ಪರೀಕ್ಷೆಯ ನಂತರ ಇಸಿಎಂ ನಿಜವಾಗಿಯೂ ಕೆಟ್ಟಿದೆ ಎಂದು ಸಿದ್ಧವಾದರೂ ಸಮಸ್ಯೆ ಮುಗಿಯುವುದಿಲ್ಲ. ಅದು ಬಲ್ಬಿನಂತೆ ತೆಗೆದು ಹಾಕುವ ವಸ್ತುವಲ್ಲ. ಹೊಸ ಪೆಟ್ಟಿಗೆಗೆ ಆ ಲಾರಿಯ ಚಾಸಿ ಸಂಖ್ಯೆ, ಆ ಇಂಜಿನ್ನಿನ ಮಾದರಿಗೆ ತಕ್ಕ ತಂತ್ರಾಂಶ, ವೇಗ ಮಿತಿ ಇತ್ಯಾದಿ ವಿವರಗಳನ್ನು ತುಂಬಬೇಕು. ಅನೇಕ ಇಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ಮೇಲೆ ಮುದ್ರಿತವಾದ ಸಂಕೇತವನ್ನೂ ದಾಖಲಿಸಬೇಕು; ಇಲ್ಲವಾದರೆ ಇಂಜಿನ್ ಒರಟಾಗಿ ಓಡಿ ಹೊಗೆ ಉಗುಳುತ್ತದೆ. ತಂತ್ರಾಂಶ ತುಂಬುತ್ತಿರುವಾಗ ವೋಲ್ಟೇಜ್ ಕುಸಿದರೆ ಹೊಸ ಪೆಟ್ಟಿಗೆಯೇ ನಿರುಪಯುಕ್ತವಾಗುವ ಸಂಭವವುಂಟು. ಹಳೆಯ ಪೆಟ್ಟಿಗೆ ಏಕೆ ಸುಟ್ಟಿತೆಂಬ ಕಾರಣವನ್ನು ಕಂಡುಹಿಡಿಯದೆ ಹೊಸದನ್ನು ಜೋಡಿಸಿದರೆ ಅದಕ್ಕೂ ಅದೇ ಗತಿ. ಬ್ಯಾಟರಿ ಸಂಪರ್ಕ ತೆಗೆಯದೆ ಚಾಸಿಗೆ ವೆಲ್ಡಿಂಗ್ ಮಾಡಿಸುವುದು, ಒತ್ತಡದ ನೀರನ್ನು ಕಪ್ಲರಿನ ಮೇಲೆಯೇ ಹಾಯಿಸುವುದು, ಆಲ್ಟರ್ನೇಟರಿನ ಅಧಿಕ ವೋಲ್ಟೇಜನ್ನು ಅಲಕ್ಷಿಸುವುದು, ಇವು ಮಾಲೀಕರ ಕಡೆಯಿಂದಲೇ ಆಗುವ ಪ್ರಮಾದಗಳು.

ಇಲ್ಲಿಯೇ ಗುಜರಿ ಮಾರುಕಟ್ಟೆಯ ಆಕರ್ಷಣೆ ಹುಟ್ಟುತ್ತದೆ. ಅಪಘಾತಕ್ಕೀಡಾದ ಬೇರೊಂದು ಲಾರಿಯ ಪೆಟ್ಟಿಗೆ ಅಗ್ಗದ ದರಕ್ಕೆ ದೊರೆಯುತ್ತದೆ. ಹೊರಗಿನ ಚಹರೆ ಒಂದೇ ಆದರೂ ಒಳಗಿನ ತಂತ್ರಾಂಶ ಬೇರೆಯಾಗಿರಬಹುದು. ಇನ್ನು ಕೆಲವರು ಯೂರಿಯಾ ವ್ಯವಸ್ಥೆಯನ್ನೇ ತಂತ್ರಾಂಶದಿಂದ ಅಳಿಸಿಕೊಡುವುದಾಗಿ ಆಮಿಷ ಒಡ್ಡುತ್ತಾರೆ. ಇದು ಉಳಿತಾಯವಲ್ಲ, ಕಾನೂನುಬಾಹಿರ ಕೃತ್ಯ. ಮೋಟಾರು ವಾಹನ ಕಾಯ್ದೆಯ 2019ರಲ್ಲಿ ತಿದ್ದುಪಡಿಯಾದ 182ಎ ಪ್ರಕರಣದ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡಿಗೆ ವಾಹನದ ಮಾಲೀಕನಿಗೆ ಆರು ತಿಂಗಳವರೆಗೆ ಕಾರಾಗೃಹ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಲಾರಿಯ ಮಾಲೀಕನ ಕಷ್ಟವು ಸರಕಿನ ಒಡೆಯನ ಕಷ್ಟವೂ ಹೌದು. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಪುಣೆಯತ್ತ ಹೊರಟ ಲಾರಿ ನಡುದಾರಿಯಲ್ಲಿ ನಿಂತಿತೆಂದು ಭಾವಿಸೋಣ. ಇ-ವೇ ಬಿಲ್ಲಿನ ಅವಧಿ ಸಾಮಾನ್ಯ ಸರಕಿಗೆ ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಮಾತ್ರ. ಸರಕನ್ನು ಬೇರೆ ಗಾಡಿಗೆ ಹೊರಿಸಿದರೆ ಬಿಲ್ಲಿನ ‘ಬಿ’ ಭಾಗದಲ್ಲಿ ಹೊಸ ವಾಹನದ ಸಂಖ್ಯೆಯನ್ನು ನಮೂದಿಸಬೇಕು. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಣೆ ಕೋರಬೇಕು. ಇದನ್ನು ಮರೆತವರು ಕೆಟ್ಟ ಲಾರಿಯ ಜೊತೆಗೆ ದಂಡವನ್ನೂ ಹೊರಬೇಕಾದೀತು. ಸಾಮಾನ್ಯ ಮೋಟಾರು ವಿಮೆಯು ಯಾಂತ್ರಿಕ ಹಾಗೂ ವಿದ್ಯುತ್ ಸಂಬಂಧಿ ಕೆಡುಕನ್ನು ಭರಿಸುವುದಿಲ್ಲವಾದ್ದರಿಂದ ಇಸಿಎಂ ವೆಚ್ಚ ಪೂರ್ತಿ ಮಾಲೀಕನ ತಲೆಯ ಮೇಲೆಯೇ ಬೀಳುತ್ತದೆ. ತಮ್ಮದೇ ಸರಕು ಲಾರಿ ಹೊಂದಿ ತೆರಿಗೆಯುಕ್ತ ಸರಕನ್ನು ಮಾರುವ ಕೈಗಾರಿಕೆಗಳು ಕ್ರಮಬದ್ಧ ಬಿಲ್ಲು ಪಡೆದರೆ ರಿಪೇರಿಯ ಮೇಲಿನ ಜಿಎಸ್‌ಟಿಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಅವಕಾಶವಿದೆ. ಚೀಟಿಯಿಲ್ಲದ ಗುಜರಿ ಖರೀದಿಯಲ್ಲಿ ಆ ಅನುಕೂಲವೂ ಕೈತಪ್ಪುತ್ತದೆ.

ತಯಾರಕರ ವಾದವನ್ನೂ ಆಲಿಸಬೇಕು. ತಂತ್ರಾಂಶವನ್ನು ಎಲ್ಲರಿಗೂ ತೆರೆದಿಟ್ಟರೆ ಹೊಗೆ ನಿಯಮ ಉಲ್ಲಂಘನೆಯಾದೀತು, ವಾಹನ ಕಳವಿಗೆ ದಾರಿಯಾದೀತು, ಸುರಕ್ಷತೆಗೆ ಭಂಗ ಬಂದೀತು ಎಂಬುದು ಅವರ ಆತಂಕ. ಇದರಲ್ಲಿ ಹುರುಳಿಲ್ಲದಿಲ್ಲ. ಆದರೆ ದೋಷ ಪತ್ತೆಹಚ್ಚುವ ಮಾಹಿತಿ ಬೇರೆ, ತಂತ್ರಾಂಶ ತಿದ್ದುವ ಅಧಿಕಾರ ಬೇರೆ. ವೈರಿಂಗ್ ನಕ್ಷೆಯನ್ನೂ ದೋಷ ಸಂಕೇತಗಳ ವಿವರಣೆಯನ್ನೂ ಬಚ್ಚಿಡುವುದರಿಂದ ಹೊಗೆಯೇನೂ ಕಡಿಮೆಯಾಗದು. ಯುರೋಪ್ ಒಕ್ಕೂಟವು ತನ್ನ 2009ರ 595ನೇ ನಿಯಮಾವಳಿಯಲ್ಲಿ ಭಾರಿ ವಾಹನಗಳ ಹೊಗೆ ಮಿತಿಯನ್ನೂ ರಿಪೇರಿ ಮಾಹಿತಿಯ ಲಭ್ಯತೆಯನ್ನೂ ಒಂದೇ ಕಾನೂನಿನಲ್ಲಿ ಸೇರಿಸಿತು. ಶುದ್ಧ ಹೊಗೆ ಮತ್ತು ಮುಕ್ತ ರಿಪೇರಿ ಪರಸ್ಪರ ವಿರೋಧಿಗಳಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಭಾರತದಲ್ಲಿಯೂ ಚಿಂತನೆ ನಡೆದಿದೆ. ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕ ಸಂಸ್ಥೆಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನೂ ಪರೀಕ್ಷಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಒದಗಿಸಬೇಕೆಂದು ಆದೇಶಿಸಿತು. ಸಂಸ್ಥೆಗಳು ಮೇಲ್ಮನವಿಯ ಹಾದಿ ಹಿಡಿದವು. ಆ ಆದೇಶವಾದರೂ ಕಾರುಗಳಿಗೆ ಸಂಬಂಧಿಸಿದ್ದೇ ಹೊರತು ಲಾರಿಗಳಿಗಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ತಂದು, ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಜಾಲತಾಣವನ್ನು ಆರಂಭಿಸಿತು. ಜಾಲತಾಣ ಸ್ವಾಗತಾರ್ಹ, ಆದರೆ ತಯಾರಕರ ಇಚ್ಛೆಗೆ ಬಿಟ್ಟ ಮಾಹಿತಿಯಿಂದ ಹೆದ್ದಾರಿಯಲ್ಲಿ ನಿಂತ ಲಾರಿ ಕದಲುವುದಿಲ್ಲ.

ಆದ್ದರಿಂದ ವಾಣಿಜ್ಯ ಸಂಘಗಳು ಮೂರು ಕಾರ್ಯಗಳಿಗೆ ಮುಂದಾಗುವುದು ಉಚಿತ. ಮೊದಲನೆಯದಾಗಿ, ಇಸಿಎಂ ಬದಲಿಸುವ ಮುನ್ನ ಪರೀಕ್ಷಾ ವಿವರಗಳನ್ನು ಲಿಖಿತವಾಗಿ ನೀಡುವ ಪದ್ಧತಿಯನ್ನು ಸ್ಥಳೀಯ ಸರ್ವಿಸ್ ಸೆಂಟರುಗಳೂ ಗ್ಯಾರೇಜುಗಳೂ ಒಪ್ಪುವಂತೆ ಮಾಡಬೇಕು; ತೆಗೆದ ಹಳೆಯ ಪೆಟ್ಟಿಗೆ ಮಾಲೀಕನ ಕೈಸೇರಬೇಕು, ಇಲ್ಲವೇ ಅದರ ಬೆಲೆ ಬಿಲ್ಲಿನಲ್ಲಿ ಕಳೆಯಬೇಕು. ಎರಡನೆಯದಾಗಿ, ಕೈಗಾರಿಕಾ ವಸಾಹತುಗಳಲ್ಲಿ ಹಲವರು ಕೂಡಿ ಬಳಸಬಹುದಾದ ಸ್ಕ್ಯಾನರ್ ಕೇಂದ್ರವನ್ನು ಸ್ಥಾಪಿಸಿ, ಐಟಿಐಗಳ ಸಹಕಾರದಿಂದ ಊರಿನ ಮೇಸ್ತ್ರಿಗಳಿಗೆ ತರಬೇತಿ ಕೊಡಿಸಬೇಕು. ಮೂರನೆಯದಾಗಿ, ಸರಕು ವಾಹನಗಳ ರಿಪೇರಿ ಮಾಹಿತಿಯನ್ನು ನ್ಯಾಯವಾದ ಶುಲ್ಕಕ್ಕೆ ಒದಗಿಸುವುದು ಕಡ್ಡಾಯವಾಗಲೆಂದು ಕೇಂದ್ರ ಸರ್ಕಾರಕ್ಕೆ ಒಕ್ಕೊರಲಿನ ಮನವಿ ಸಲ್ಲಿಸಬೇಕು.

ಡೀಸೆಲ್ ಇಂಜೆಕ್ಷನ್ ಉದ್ಯಮಕ್ಕೆ ಕರ್ನಾಟಕ ಹೊಸತಲ್ಲ. 1951ರಲ್ಲಿ ಸ್ಥಾಪನೆಗೊಂಡ ಮೈಕೋ ಸಂಸ್ಥೆಯು ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸಿ ನಾಡಿಗೆ ಕುಶಲ ಕೆಲಸಗಾರರ ಪರಂಪರೆಯನ್ನೇ ಕೊಟ್ಟಿತು. ಪಂಪನ್ನು ಕಲಿತ ಕೈಗಳು ಪೆಟ್ಟಿಗೆಯನ್ನೂ ಕಲಿಯಬಲ್ಲವು. ಕಲಿಯಲು ಬೇಕಾದ ನಕ್ಷೆಯನ್ನು ಅವುಗಳ ಕೈಗಿಡುವುದಷ್ಟೇ ಬಾಕಿಯಿದೆ.