ಮಾಗಡಿಗೆ ಮಾನ್ಯತೆ ಸಿಕ್ಕಿತು, ಉಳಿದ ಕೆರೆಗಳಿಗೆ?
ಗದಗ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ



ಶಿವರಾತ್ರಿ ಹತ್ತಿರವಾದಂತೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ ದಂಡೆಯ ಮೇಲೆ ದುರ್ಬೀನು ಹಿಡಿದವರ ಓಡಾಟ ಹೆಚ್ಚುತ್ತದೆ. ಚಳಿಗಾಲವನ್ನು ಇಲ್ಲಿ ಕಳೆದ ಪಟ್ಟೆತಲೆ ಹೆಬ್ಬಾತುಗಳು ಊರಿಗೆ ಹೊರಡುವ ಹೊತ್ತದು. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದವು ಬೆಳಿಗ್ಗೆ ಸಾಲುಗಟ್ಟಿ ನೀರಿಗೆ ಇಳಿಯುತ್ತವೆ. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ. ನೋಡುವವರು ತುಸು ಮುಂದೆ ಹೋದರೆ ಮೊದಲು ಒಂದು ಕತ್ತು ನೆಟ್ಟಗಾಗುತ್ತದೆ, ಆಮೇಲೆ ಹತ್ತು, ಆಮೇಲೆ ಇಡೀ ಹಿಂಡು. ಅನುಭವಿಗಳು ಆ ಮೊದಲ ಕತ್ತು ಎದ್ದಾಗಲೇ ನಿಂತುಬಿಡುತ್ತಾರೆ.

ಈ ಹಕ್ಕಿಗಳು ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಹಿಮಾಲಯ ದಾಟುವಾಗ ಇವು 7,000 ಮೀಟರಿಗೂ ಮೇಲೆ ಹಾರಿದ್ದು ಉಪಗ್ರಹ ಸಾಧನಗಳಲ್ಲಿ ದಾಖಲಾಗಿದೆ.

ಮಾಗಡಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಜೊತೆಗಿದ್ದವು. ಮಾಗಡಿ, ಅಂಕಸಮುದ್ರ ಎರಡೂ ನೀರಾವರಿಗೆಂದು ಜನರೇ ಕಟ್ಟಿದ ಕೆರೆಗಳು.

ತೊಡಕಿರುವುದು ಇಲ್ಲೇ. 2017ರ ಜೌಗು ಪ್ರದೇಶ ನಿಯಮಗಳಲ್ಲಿ ‘ಜೌಗು ಪ್ರದೇಶ’ದ ವ್ಯಾಖ್ಯೆಯು ನೀರಾವರಿಗೆಂದೇ ಕಟ್ಟಿದ ಕೆರೆಗಳನ್ನು ಹೊರಗಿಡುತ್ತದೆ. ಸಂರಕ್ಷಣಾ ಮೀಸಲು ಪ್ರದೇಶವಾದ್ದರಿಂದ ಮಾಗಡಿಗೆ ವನ್ಯಜೀವಿ ಕಾಯ್ದೆಯ ಆಸರೆ ಇದೆ. ಊರೂರಿನ ಸಾಮಾನ್ಯ ಕೆರೆಗಳಿಗೆ ಆ ಆಸರೆ ಎಲ್ಲಿದೆ? ಮಾಗಡಿಯಲ್ಲಿ ನೀರು ತಗ್ಗಿದ ವರ್ಷ ಹಕ್ಕಿಗಳು ಹುಡುಕಿ ಹೋಗಬೇಕಾದದ್ದು ಅಂಥ ಕೆರೆಗಳನ್ನೇ.

ಇಂಥ ಕೆರೆಗಳ ಹೂಳೆತ್ತಬೇಡಿ ಎಂದು ಯಾರೂ ಕೇಳುತ್ತಿಲ್ಲ. ಮಳೆ ಕೈಕೊಡುವ ಈ ಸೀಮೆಯಲ್ಲಿ ನೀರೂ ಬೇಕು, ಹೊಲಕ್ಕೆ ಕೆರೆಮಣ್ಣೂ ಬೇಕು. ಕೇಳುವುದು ಎತ್ತುವ ಬಗೆಯನ್ನು ಕುರಿತು. ಜೆಸಿಬಿ ಸುತ್ತಲೂ ಕಡಿದಾಗಿ ತೋಡಿದರೆ ಕೆರೆ ಬಾವಿಯಂತಾಗುತ್ತದೆ. ಮೆಟ್ಟುಗಾಲು ಹಕ್ಕಿಗೆ ಬೇಕಾದದ್ದು ಗೇಣುದ್ದ ನೀರು. ಉದ್ದ ಕಾಲಿನ ಮೇಲೆ ನಿಂತು ಕೆಸರಿನ ಹುಳು ಹೆಕ್ಕುತ್ತದೆ. ಚಮಚ ಕೊಕ್ಕಿನ ಹಕ್ಕಿ ಬಾಯಿ ಅರೆತೆರೆದು ಆಳವಿಲ್ಲದ ನೀರನ್ನು ಅತ್ತಿತ್ತ ಜಾಲಾಡುತ್ತದೆ. ಮುಳುಗದ ಬಾತುಗಳಿಗೆ ಕತ್ತು ಚಾಚಿದಷ್ಟು ಆಳದಲ್ಲಿ ಮೇವು ಸಿಗಬೇಕು. ಅಂಚಿನ ಕೆಸರು ಹೋದರೆ ಕೆರೆ ತುಂಬಿದ್ದರೂ ಇವುಗಳ ಹೊಟ್ಟೆ ತುಂಬದು.

ಆದ್ದರಿಂದ ಕೋರಿಕೆ ಇಷ್ಟು: ದಂಡೆಯ ಕಡೆ ಆಳ ಮಾಡಿಸಿ, ಹಳ್ಳ ಬಂದು ಸೇರುವ ಹಿಂಬದಿಯ ಇಳಿಜಾರನ್ನು ಹಾಗೇ ಉಳಿಸಿ. ಕಾಂಕ್ರೀಟ್ ನಡಿಗೆ ದಾರಿ, ರಾತ್ರಿಯ ದೀಪ, ದೋಣಿವಿಹಾರಗಳಿಗೆ ಮಂಜೂರಾತಿ ಕೊಡುವ ಮುನ್ನ ಅರಣ್ಯ ಇಲಾಖೆಯ ಅಭಿಪ್ರಾಯ ಕೇಳಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕೆರೆಯಂಗಳದಲ್ಲಿ ಯಂತ್ರಗಳು ಇಳಿಯದಿರಲಿ.

ಕಾಮಗಾರಿಗಳು ಶುರುವಾಗುವುದು ಬೇಸಿಗೆಯಲ್ಲಿ, ನಕ್ಷೆ ಸಿದ್ಧವಾಗುವುದು ಅದಕ್ಕೂ ಮೊದಲೇ. ಟೆಂಡರ್ ಕರೆಯುವ ಮುಂಚೆ ಒಂದು ಬೆಳಿಗ್ಗೆ ಎಂಜಿನಿಯರುಗಳನ್ನೂ ಆಯಾ ಊರಿನ ರೈತರನ್ನೂ ಕರೆದುಕೊಂಡು ಆ ಕೆರೆಗಳ ಸುತ್ತ ನಡೆದು ನೋಡಿ, ನಕ್ಷೆ ತಿದ್ದಿಸಬೇಕೆಂದು ವಿನಂತಿ.

ಇತಿ,
ಕೆರೆ ದಂಡೆಯ ಪಕ್ಷಿವೀಕ್ಷಕರ ಪರವಾಗಿ