ಕಾಲು ಹೋಗುವುದು ಸೂಜಿಯಿಂದಲ್ಲ

ಗೆಳೆಯನ ಊರು ಅಸಂಗಿ. ಮಹಾರಾಷ್ಟ್ರದ ಜತ್ತ ತಾಲೂಕು, ಆದರೆ ಮನೆಮಾತು ಕನ್ನಡ. ಕಳೆದ ವರ್ಷ ಅವನ ಮನೆಯಲ್ಲಿ ರೊಟ್ಟಿ ಊಟಕ್ಕೆ ಕೂತಿದ್ದಾಗ ಅವನ ಕಾಕಾ ಹೇಳಿದರು: "ಡಾಕ್ಟರ್ ಇನ್ಸುಲಿನ್ ತಗೋ ಅಂತಾರ. ನಾ ಒಲ್ಲೆ. ಆ ಸೂಜಿಗೆ ಸಣ್ಣ ನರ ಬಿಗದು ಕಾಲ ಕೊಳೀತೈತಿ, ತಮ್ಮಾ."

ನಾನು ಬೆಚ್ಚಿದೆ. ಇದೇ ಮಾತು ಹೇಳಿಯೇ ಮಂಗಳೂರಿನಲ್ಲಿ ನಮ್ಮ ಉಮ್ಮ ಎರಡು ವರ್ಷ ಸೂಜಿ ಮುಂದೂಡಿದ್ದರು.

ಈ ಭಯದಲ್ಲಿ ಒಂದೆಳೆ ಸತ್ಯವಿದೆ, ಅದನ್ನು ಮುಚ್ಚಿಡಬಾರದು. ಊಟವಾದ ಮೇಲೆ ನಮ್ಮದೇ ದೇಹದ ಇನ್ಸುಲಿನ್ ರಕ್ತನಾಳದ ಒಳಪದರಕ್ಕೆ ಎರಡು ಕೆಲಸ ಹೇಳುತ್ತದೆ. ಒಂದು, ನೈಟ್ರಿಕ್ ಆಕ್ಸೈಡ್ ಬಿಡುವುದು. ಅದರಿಂದ ನಾಳ ಸಡಿಲವಾಗಿ ಸ್ನಾಯುಗಳಿಗೆ ರಕ್ತವೂ ಸಕ್ಕರೆಯೂ ಹೋಗುತ್ತವೆ. (ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು.) ಇನ್ನೊಂದು, ಎಂಡೋಥೆಲಿನ್ ಬಿಡುವುದು, ಅದು ನಾಳವನ್ನು ಬಿಗಿ ಮಾಡುತ್ತದೆ. ಆರೋಗ್ಯವಂತರಲ್ಲಿ ಇವೆರಡೂ ತೂಗಿಕೊಂಡು ಹೋಗುತ್ತವೆ. ಹೊಟ್ಟೆ ಬೆಳೆದು, ನಡಿಗೆ ನಿಂತು, ದೇಹ ಇನ್ಸುಲಿನ್ ಮಾತು ಕೇಳದಾದಾಗ ಸಡಿಲಿಸುವ ದಾರಿ ಸೊರಗುತ್ತದೆ, ಬಿಗಿಯುವ ದಾರಿ ಹಾಗೇ ಉಳಿಯುತ್ತದೆ. ಅಂದರೆ ಕೆಟ್ಟಿರುವುದು ಕೇಳುವ ಕಿವಿ. ಜೊತೆಗೆ ವರ್ಷಗಟ್ಟಲೆ ಏರಿದ ಸಕ್ಕರೆ ಒಳಪದರವನ್ನೂ ನರಗಳನ್ನೂ ಹಾಳುಮಾಡುತ್ತದೆ. ಬೀಡಿ ಸಿಗರೇಟು ಉಳಿದದ್ದನ್ನು ಮುಗಿಸುತ್ತವೆ.

ಹಾಗಾದರೆ ಸೂಜಿಗೆ ಕೆಟ್ಟ ಹೆಸರು ಬಂದದ್ದು ಹೇಗೆ? ನನಗೆ ಕಾಣುವುದು ಇಷ್ಟು: ನಾವು ಕೊನೆಯವರೆಗೂ ತಡಮಾಡುತ್ತೇವೆ. ಕಾಲಿನ ಹುಣ್ಣು ಕೀವಾದ ಮೇಲೆ ಆಸ್ಪತ್ರೆಗೆ ಓಡುತ್ತೇವೆ. ಅಲ್ಲಿ ಸಕ್ಕರೆ ಹಿಡಿತಕ್ಕೆ ತರಲು ಇನ್ಸುಲಿನ್ ಶುರುಮಾಡುತ್ತಾರೆ. ಅದೇ ವಾರ ಬೆರಳು ತೆಗೆಯುತ್ತಾರೆ. ನೋಡಲು ಬಂದ ಸಂಬಂಧಿಕರು ಸೂಜಿಯನ್ನೂ ಬ್ಯಾಂಡೇಜನ್ನೂ ಒಟ್ಟಿಗೆ ಕಂಡು, ಮುಂದಿನ ಮದುವೆಮನೆಯಲ್ಲಿ ನೈಚೋರು ತಿನ್ನುತ್ತಾ ಕಥೆ ಹಬ್ಬಿಸುತ್ತಾರೆ. ನಮ್ಮ ಕುಟುಂಬಗಳಲ್ಲಿ ಡಾಕ್ಟರ ಮಾತಿಗಿಂತ ಈ ಕಥೆಗೇ ಬೆಲೆ ಹೆಚ್ಚು. ಗಲ್ಫಿನಲ್ಲಿರುವ ಮಕ್ಕಳು ಫೋನಿನಲ್ಲಿ "ಮಾತ್ರೆ ತಗೊಂಡಿರಾ" ಎಂದು ಕೇಳುತ್ತಾರೆ. ಪಾದ ನೋಡಿದಿರಾ ಎಂದು ಕೇಳುವವರಿಲ್ಲ.

ಕಾಕಾನ ಚಪ್ಪಲಿ ಬಿಚ್ಚಿಸಿ ಅಂಗಾಲು ತಿರುಗಿಸಿ ನೋಡಿದೆ. ಹಿಮ್ಮಡಿಯ ಹತ್ತಿರ ಜಾಲಿಮುಳ್ಳಿನ ತುದಿ ಮುರಿದು ಕೂತಿತ್ತು, ಸುತ್ತಲೂ ಕಪ್ಪಾಗಿತ್ತು. ಅವರಿಗೆ ನೋವೇ ಗೊತ್ತಾಗಿರಲಿಲ್ಲ. ಆ ದಿನದವರೆಗೆ ಅವರು ಒಂದು ಹನಿ ಇನ್ಸುಲಿನ್ ಕೂಡ ಚುಚ್ಚಿಸಿಕೊಂಡವರಲ್ಲ.